ಲೆಕ್ಕದ ಮಾಸ್ತರು ಕನ್ನಡ ಕಲಿತದ್ದು

ಬೀದರ
೬ ಮೇ ೧೯೫೧

ಪ್ರೀತಿಯ ಅಪ್ಪಾಗ,

ನಿಮ್ಮ ಮಗಳು ಎಡಿತ ಮಾಡುವ ಸಲಾಮು. ಸುಖವಾಗಿ ಬೀದರ ಮುಟ್ಟೀನಿ. ಮಿಷನ್ ಕಂಪೌಂಡಿನಾಗ ದೇಬೋರಾ ಚಿಕ್ಕಮ್ಮನ ಕೋಲಿಯೊಳಗ ಇದ್ದೇನಿ. ಅಕಿ ದವಾಖಾನಿಯಿಂದ ಬಂದ ಕೂಡ್ಲೇ ನನ್ನ ಮುಂದ ಕೂತು, ನರ್ಸ್ ಕೆಲಸ ಯಾಕ ಒಲ್ಲೆ ಅಂದಿ ಅಂತ ಕೇಳ್ತಾಳ. ರಕ್ತ ಕಂಡ್ರ ನನಗ ಕಣ್ಣಿಗೆ ಕತ್ತಲಿ ಬರ್ತದ ಅಂತ ಹೇಳಿದ್ರ ನಗ್ತಾಳ. ನಾ ಹೊರಡೂ ದಿನ ನೀವು ನಮ್ಮ ಯೇಸುವಿನ ಗುಡಿ ಬಾಗಿಲಾಗ ನಿಂತು ಒಂದು ಮಾತೂ ಆಡಲಿಲ್ಲ. ಸಿಟ್ಟು ಇನ್ನೂ ಇಳದಿಲ್ಲಂದ್ರ ಈ ಕಾಗದ ಅವ್ವಗ ಓದಿ ಹೇಳ್ರಿ, ಅಷ್ಟ ಸಾಕು.

ಇಲ್ಲಿ ನಡಿಯೂದು ಕೇಳಿದ್ರ ನಿಮಗ ನಗು ಬರಬಹುದು. ನಿಜಾಮ ಸರ್ಕಾರದ ಕಾಲಕ್ಕ ಹೈಸ್ಕೂಲಿನಾಗ ಎಲ್ಲಾ ಪಾಠ ಉರ್ದುವಿನಾಗ ಇತ್ತಲ್ಲ, ಈಗ ಜೂನ್‌ದಿಂದ ಲೆಕ್ಕಾನೂ ಕನ್ನಡದಾಗ ಕಲಿಸಬೇಕಂತ ಹುಕುಂ ಬಂದದ. ಅದಕ್ಕ ಜಿಲ್ಲಾದ ಲೆಕ್ಕದ ಮಾಸ್ತರ್ರನ್ನೆಲ್ಲಾ, ನನ್ನಂಗ ಹೊಸದಾಗಿ ಸೇರೂವರನ್ನೂ ಕರೆಸಿ ಒಂದು ಬ್ಯಾಸಗಿ ತರಬೇತಿ ಕೊಡ್ಲಿಕತ್ತಾರ. ಮುಖ್ಯಸ್ಥರು ಹಣಮಂತಪ್ಪನವರು, ಧಾರವಾಡ ಕಡಿಯವರು. ಅವ್ರು ಹಲಗಿ ಮ್ಯಾಲ ಆಕಾರ ತಗದು ‘ತ್ರಿಭುಜ’ ಅಂತಾರ. ಬೆಂಚಿನ ಮ್ಯಾಲಿಂದ ಎಲ್ಲರೂ ‘ಮುಸಲ್ಲಸ, ಮುಸಲ್ಲಸ’ ಅಂತ ಗೊಣಗ್ತಾರ. ‘ಕೋನ’ ಅಂದ್ರ ‘ಜಾವಿಯಾ’ ಅಂತಾರ. ಮನಿಯಾಗ ಹೆಂಡ್ರು ಮಕ್ಕಳ ಕೂಡ ಕನ್ನಡ ಮಾತಾಡೂ ಲಿಂಗಾಯತ ಮಾಸ್ತರ್ರಿಗೂ ಲೆಕ್ಕ ಅಂದ್ರ ಉರ್ದುವೇ ಬಾಯಿಗೆ ಬರ್ತದ. ಪಾಪ, ಅವ್ರು ಕಲಿತದ್ದೇ ಹಂಗ.

ಹೆಣ್ಣುಮಗಳು ನಾ ಒಬ್ಬಾಕೀನೇ. ಬೆಂಚು ಬ್ಯಾರೆ ಹಾಕಿಕೊಟ್ಟಾರ. ನನ್ನ ಪಕ್ಕದ ಬೆಂಚಿನಾಗ ಔರಾದ ಹೈಸ್ಕೂಲಿನ ಶರಫೋದ್ದೀನ ಸಾಹೇಬರು ಅಂತ ಒಬ್ಬರು ಕೂಡ್ತಾರ. ವಯಸ್ಸು ಐವತ್ತರ ಹತ್ರ. ಬಣ್ಣ ಮಾಸಿದ ಶೇರವಾನಿ, ಈ ಬಿಸಿಲಾಗೂ ಕುತ್ತಿಗಿ ಗುಂಡಿ ಬಿಚ್ಚೂದಿಲ್ಲ. ಕನ್ನಡ ನಮ್ಹಂಗೇ ಮಾತಾಡ್ತಾರ, ಅಕ್ಷರ ಮಾತ್ರ ಒಂದೂ ಬರೂದಿಲ್ಲ. ಮೊದಲನೇ ದಿನ ಪಾಟಿ ತಗೊಂಡು ಬಂದು ಅ, ಆ ತಿದ್ಲಿಕ್ಕಿ ಸುರು ಮಾಡಿದ್ರು. ಹಿಂದಿನ ಬೆಂಚಿನವರು ನಕ್ಕರು. ಮುಖ್ಯಸ್ಥರು ಮುಜುಗರಪಟ್ಟು, ಬೇಕಾದ್ರ ಹಿಂದ ಕೂಡ್ರಿ ಅಂದ್ರು. ಹಿಂದ ಕೂತ್ರ ಹಲಗಿ ಸರಿ ಕಾಣೂದಿಲ್ರಿ ಅಂತ ಹೇಳಿ, ಅವ್ರು ಅಲ್ಲೇ ಕೂತು ಇ, ಈ ತಿದ್ದಿದ್ರು. ಅಪ್ಪಾ, ನನಗ ಅವ್ರನ್ನ ನೋಡಿ ಧೈರ್ಯ ಬಂತು.

ನಿಮ್ಮ ಮಗಳು,
ಎಡಿತ

ಮೆಹಕರ
೧೫ ಮೇ ೧೯೫೧

ಚಿ. ಎಡಿತಗ ಆಶೀರ್ವಾದಗಳು.

ನಿನ್ನ ಕಾಗದ ಮುಟ್ಟಿತು. ನಿನ್ನ ಅವ್ವಗ ಓದಿ ಹೇಳಿದೆ. ಇನ್ನೊಮ್ಮೆ ಓದ್ರಿ ಅಂದಳು, ಓದಿದೆ. ಹಿಂಗಾಗಿ ನನಗೂ ಬಾಯಿಪಾಠ ಆಗ್ಯಾದ.

ಸಿಟ್ಟು ಇಲ್ಲ. ನೀ ದವಾಖಾನಿಗೆ ಹೋಗಿದ್ರ ನನಗ ಸಮಾಧಾನ ಇರ್ತಿತ್ತು, ಅಷ್ಟ. ಗಾಯ ಕಟ್ಟೂ ಕೈ ಒಂದು ಮನ್ಯಾಗ ಇರಬೇಕು ಅನ್ನೂದು ನನ್ನ ಮನಸ್ಸಿನಾಗ ಕೂತುಬಿಟ್ಟದ. ಯಾಕಂತ ಕೇಳಬ್ಯಾಡ. ಹೋಗೀದಿ, ಇನ್ನ ಅರ್ಧಕ್ಕ ಬಿಟ್ಟು ಬರಬ್ಯಾಡ.

ನಕ್ಕವರ ಮಾತು ಬರದೀದಿ. ನೀ ನಗಲಿಲ್ಲ ಅಂತ ತಿಳ್ಕೊಂಡೀನಿ.

ನಿನ್ನ ತಂದಿ,
ಪ್ರಭುದಾಸ

ಬೀದರ
೨೮ ಮೇ ೧೯೫೧

ಪ್ರೀತಿಯ ಅಪ್ಪಾಗ,

ನಾ ನಗಲಿಲ್ಲ. ಈಗ ಅವರಿಗೆ ಅಕ್ಷರ ಕಲಿಸ್ಲಿಕತ್ತೀನಿ. ಅದು ಹ್ಯಾಂಗ ಆಯ್ತಂದ್ರ, ಒಂದು ದಿನ ಮಧ್ಯಾಹ್ನ ಊಟದ ಹೊತ್ತಿನಾಗ ಅವ್ರು ಪಾಟಿ ನನ್ನ ಕಡಿ ಹಿಡದು, ‘ಬೇಟಿ, ಈ ಒತ್ತಕ್ಷರ ಸರಿ ಅದ ಏನು?’ ಅಂತ ಕೇಳಿದ್ರು. ಸರಿ ಇರಲಿಲ್ಲ. ತಿದ್ದಿ ಕೊಟ್ಟೆ. ಆಮ್ಯಾಲ ನಾನೂ ಒಂದು ಕೇಳಿಬಿಟ್ಟೆ. ತ್ರಿಭುಜದ ಮೂರೂ ಕೋನ ಕೂಡಿದ್ರ ಎರಡು ಲಂಬಕೋನ ಆಗ್ತದ ಅಂತ ಪುಸ್ತಕದಾಗ ಅದ. ನಾ ಹೈದರಾಬಾದಿನಾಗ ಇಂಟರ್ ಓದೂಮುಂದ ಅದನ್ನ ಬಾಯಿಪಾಠ ಮಾಡೀನಿ, ಪರೀಕ್ಷಾದಾಗ ಬರದು ಅಂಕ ತಗೊಂಡೀನಿ. ಯಾಕ ಹಂಗಾಗ್ತದ ಅಂತ ನನಗ ಒಂದು ದಿನಾನೂ ಹೊಳದಿಲ್ಲ.

ಅವ್ರು ಎದ್ದು ಅಂಗಳಕ್ಕ ಹೋದ್ರು. ಬೇವಿನ ಗಿಡದ ನೆರಳಿನಾಗ ಕಟ್ಟಿಗಿಯಿಂದ ಒಂದು ದೊಡ್ಡ ತ್ರಿಭುಜ ಗೀರಿದ್ರು. ಇದು ನಿಮ್ಮ ಹೊಲ ಅಂತ ತಿಳ್ಕೊ, ಬದುವಿನ ಮ್ಯಾಲ ನಡದು ಒಂದು ಸುತ್ತು ಹಾಕಿ ಬಾ ಅಂದ್ರು. ಗಂಡಸರೆಲ್ಲಾ ಬುತ್ತಿ ಬಿಚ್ಚಿಕೊಂಡು ನೋಡ್ಲಿಕತ್ತಿದ್ರು. ನಾ ಸೆರಗು ಹೊತ್ತುಕೊಂಡು ನಡದೆ. ಮೂಲಿ ಬಂದಲ್ಲಿ ತಿರುಗಿದೆ, ಮತ್ತೊಂದು ಮೂಲಿಗೆ ತಿರುಗಿದೆ, ಮೂರನೇದಕ್ಕ ತಿರುಗಿ ಸುರು ಮಾಡಿದಲ್ಲೇ ಮೊದಲಿನ ದಿಕ್ಕಿಗೇ ಮುಖ ಮಾಡಿ ನಿಂತೆ. ‘ಎಲ್ಲಾ ಕೂಡಿ ಎಷ್ಟು ತಿರುಗಿದಿ?’ ಅಂತ ಕೇಳಿದ್ರು. ಒಂದು ಪೂರಾ ಸುತ್ತು ಅಂದೆ. ಅದು ನೀ ಹೊರಗ ತಿರುಗಿದ್ದು, ಒಳಗ ಉಳಿದದ್ದು ಎಷ್ಟು, ನೀನೇ ತಗಿ ಅಂದ್ರು. ನಾ ಅಲ್ಲೇ ನಿಂತು ಲೆಕ್ಕ ಹಾಕಿದೆ: ಒಂದೊಂದು ಮೂಲಿಗೆ ಒಳಗಿಂದು ಹೊರಗಿಂದು ಕೂಡಿ ಎರಡು ಲಂಬಕೋನ, ಮೂರು ಮೂಲಿಗೆ ಆರು, ಅದರಾಗ ಪೂರಾ ಸುತ್ತಿನ ನಾಕು ಕಳದೆ. ಬಂತು. ಎರಡು ಲಂಬಕೋನ, ಹೆಚ್ಚಿಲ್ಲ ಕಡಿಮಿಲ್ಲ.

ಅಪ್ಪಾ, ಅದು ಬಂದಾಗ ನನಗ ಅಳು ಬಂದಂಗಾಯ್ತು. ಇಷ್ಟು ವರ್ಷ ಬಾಯಾಗ ಇದ್ದದ್ದು ಆವತ್ತು ಕಾಲಿನಿಂದ ತಲಿಗೆ ಏರಿತು. ಮರುದಿನದಿಂದ ನಕ್ಕವರೂ ಅವರ ಸುತ್ತ ಬಂದು ಕೂಡ್ಲಿಕತ್ತಾರ. ಮುಖ್ಯಸ್ಥರೇ ಒಂದು ದಿನ ನನಗ, ಲೆಕ್ಕ ಕಲಿಸೂದು ನಾವೆಲ್ಲರೂ ಇವರ ಕಡಿಂದ ಕಲೀಬೇಕು, ಆದ್ರ ಸರ್ಕಾರದ ಪರೀಕ್ಷಾ ಇರೂದು ಕನ್ನಡದ್ದು, ಅದಕ್ಕ ನೀವು ಅವರಿಗೆ ಕಲಿಸ್ರಿ ಅಂದ್ರು.

ಅವ್ರು ಪಾಸಾಗದಿದ್ರ ಲೆಕ್ಕದ ಕೆಲಸದಿಂದ ತಗೀತಾರಂತ. ಅವ್ರು ಅದರ ಬಗ್ಗೆ ಮಾತಾಡೂದಿಲ್ಲ. ದಿನಾ ಪಾಟಿ ತುಂಬಿಸಿ ತರ್ತಾರ.

ಎಡಿತ

ಬೀದರ
೧೧ ಜೂನ್ ೧೯೫೧

ಅಪ್ಪಾಗ ಸಲಾಮು.

ಪರೀಕ್ಷಾ ಮುಗೀತು. ನಾ ಪಾಸಾದೆ. ಅವ್ರು ಆಗಲಿಲ್ಲ.

ಹುಡುಗ್ರನ್ನ ಕೂಡಿಸಿ ಒಬ್ಬೊಬ್ಬರೂ ಒಂದೊಂದು ಪಾಠ ಮಾಡಿ ತೋರಿಸಬೇಕಿತ್ತು. ಪರೀಕ್ಷಾ ತಗೊಳ್ಳಿಕ್ಕಿ ಹೈದರಾಬಾದಿನಿಂದ ಸಾಹೇಬರು ಬಂದಿದ್ರು. ಶರಫೋದ್ದೀನ ಸಾಹೇಬರು ಬಾಯಿಲೆ ಹೇಳೂತನಕ ಹುಡುಗ್ರು ಬಾಯಿ ತಗದು ಕೇಳಿದ್ರು. ಆಮ್ಯಾಲ ಸುಣ್ಣದ ಕಡ್ಡಿ ತಗೊಂಡು ಹಲಗಿ ಕಡಿ ತಿರುಗಿದ್ರು. ಇಪ್ಪತ್ತು ವರ್ಷ ಬಲದಿಂದ ಎಡಕ್ಕ ಉರ್ದು ಬರಕೊಂಡು ಬಂದ ಕೈ, ಸೀದಾ ಬಲಗಡಿ ತುದಿಗೆ ಹೋಯ್ತು. ಅಲ್ಲಿ ‘ತ್ರಿ’ ಬರದು, ಮುಂದಿನ ಅಕ್ಷರ ಅದರ ಎಡಕ್ಕ ಬರದ್ರು. ಹುಡುಗ್ರು ಒಬ್ಬರ ಮುಖ ಒಬ್ಬರು ನೋಡಿದ್ರು. ಶರಫೋದ್ದೀನ ಸಾಹೇಬರಿಗೆ ತಪ್ಪು ತಿಳೀತು. ಒರೆಸಿದ್ರು. ಎಡಗಡಿಯಿಂದ ಮತ್ತ ಬರದ್ರು. ಅವಸರದಾಗ ಒತ್ತು ಬಿಟ್ಟುಹೋಯ್ತು. ಮತ್ತ ಒರೆಸಿದ್ರು. ಶೇರವಾನಿ ತೋಳೆಲ್ಲಾ ಸುಣ್ಣ ಆಗಿತ್ತು. ಹೈದರಾಬಾದಿನ ಸಾಹೇಬರು ಸಾಕು ಅಂದ್ರು. ಬರವಣಿಗಿ ಪರೀಕ್ಷಾದಾಗೂ ಅಂಕ ಸಾಲಲಿಲ್ಲ. ಒಂದು ಬ್ಯಾಸಗಿಯೊಳಗ ಯಾರಿಗಾದ್ರೂ ಹ್ಯಾಂಗ ಸಾಲ್ತದ?

ಇದಕ್ಕಿಂತ ಕೆಟ್ಟದ್ದು ಆಮ್ಯಾಲ ಆಯ್ತು. ನನ್ನ ಹುಕುಂ ಬಂತು. ಔರಾದ ಹೈಸ್ಕೂಲ್. ಅವರ ಜಾಗಾ. ಅವರನ್ನ ಅದೇ ಸಾಲಿಯೊಳಗ ಹಾಜರಿ ಬರಿಯೂ ಕೆಲಸಕ್ಕ, ಪುಸ್ತಕದ ಕಪಾಟು ನೋಡ್ಕೊಳ್ಳೂ ಕೆಲಸಕ್ಕ ಹಚ್ಚ್ಯಾರ. ಮುಂದಿನ ಬ್ಯಾಸಗಿಗೆ ಇನ್ನೊಮ್ಮೆ ಪರೀಕ್ಷಾಕ್ಕ ಕೂಡಬಹುದಂತ.

ನಾ ಹೋಗೂದಿಲ್ಲ ಅಂತ ಅವರ ಮುಂದ ಅತ್ತೆ. ಅವ್ರು, ‘ನೀ ಬರಲಿಲ್ಲಂದ್ರ ಆ ಹುಡುಗ್ರಿಗೆ ಲೆಕ್ಕಕ್ಕ ಯಾರೂ ಬರೂದಿಲ್ಲ ಬೇಟಿ. ನನ್ನ ಮ್ಯಾಲ ದಯಾ ಇದ್ರ ಬಾ’ ಅಂದ್ರು.

ಏನು ಮಾಡಲಿ ಅಪ್ಪಾ?

ಎಡಿತ

ಮೆಹಕರ
೧೭ ಜೂನ್ ೧೯೫೧

ಎಡಿತ,

ಹೋಗು. ಅವ್ರು ಕರದಾರ. ಅವರಿಗಿಂತ ಹೆಚ್ಚು ನೊಂದ್ಕೊಳ್ಳೂ ಹಕ್ಕು ನಿನಗಿಲ್ಲ.

ಅವರ ಮನಿತನದ ಬಗ್ಗೆ ತಿಳದ್ರ ಬರಿ. ನಿನ್ನ ಅವ್ವ ಉಪ್ಪಿನಕಾಯಿ ಕಳಸ್ಯಾಳ.

ಪ್ರಭುದಾಸ

ಔರಾದ
೧೪ ಜುಲೈ ೧೯೫೧

ಪ್ರೀತಿಯ ಅಪ್ಪಾಗ,

ಔರಾದಿಗೆ ಬಂದು ವಾರದ ಮ್ಯಾಲಾಯ್ತು. ಮಳಿ ಹತ್ತೀದ, ಬಸ್ಸು ಕೆಸರಿನಾಗ ಹುಗೀತಾವ, ಅದಕ್ಕ ಟಪಾಲು ತಡ. ನಾ ಎಲ್ಲಿ ಇಳಕೊಂಡೀನಿ ಅಂದ್ರ ನೀವು ನಂಬೂದಿಲ್ಲ. ಮದುವಿ ಆಗದ ಕಿರಿಸ್ತಾನ ಹುಡುಗಿಗೆ ಈ ಊರಾಗ ಯಾರೂ ಕೋಲಿ ಕೊಡಲಿಲ್ಲ. ಸಾಲಿ ಅಂಗಳದಾಗ ಪೆಟ್ಟಿಗಿ ಮ್ಯಾಲ ಕೂತಿದ್ದೆ. ಶರಫೋದ್ದೀನ ಸಾಹೇಬರು ಮನಿಗೆ ಹೋಗಿ ಬಂದು, ನಮ್ಮ ಮನಿಯಾಕಿ ಮುಂದಿನ ಕೋಲಿ ಸಾರಿಸ್ಲಿಕತ್ತಾಳ, ಬಾ ಅಂದ್ರು. ಯಾರ ಜಾಗಾ ತಗೊಂಡೆನೋ ಅವರ ಮನಿಯಾಗೇ ಉಣ್ಲಿಕತ್ತೀನಿ. ಅವರ ಹೆಂಡತಿ ರಾಬಿಯಾಬಿ ಮೊದಲನೇ ದಿನ ನನ್ನ ಮುಖ ನೋಡಿ, ಇಷ್ಟು ಸಣ್ಣಾಕಿ ಏನು ಅಂತ ಗಂಡಗ ಹೇಳಿ ಎರಡು ರೊಟ್ಟಿ ಹೆಚ್ಚು ಬಡದ್ರು.

ಸಾಲಿಯಾಗ ಮೊದಲನೇ ದಿನ ಹುಡುಗ್ರು ಎದ್ದು ನಿಲ್ಲಲಿಲ್ಲ. ಕೆಲವರಿಗೆ ಹೆಂಗಸು ಅಂತ, ಉಳದವರಿಗೆ ತಮ್ಮ ಮಾಸ್ತರ್ರನ್ನ ತಗದಾರ ಅಂತ. ಅವ್ರು ಹಾಜರಿ ತಗೊಳ್ಳಿಕ್ಕಿ ಬಂದವರು ಬಾಗಿಲಾಗ ನಿಂತು ಹೇಳಿದ್ರು: ‘ಇವ್ರು ನಿಮ್ಮ ಉಸ್ತಾದ್. ನನಗ ಕನ್ನಡ ಬರಿಯೂದು ಕಲಿಸಿದವರು ಇವ್ರು. ನನಗ ಎದ್ದು ನಿಲ್ತಿದ್ರಿ ಅಂದ್ರ ಇವರಿಗೂ ನಿಲ್ಲಬೇಕು.’ ಎಲ್ಲರೂ ಎದ್ದರು. ನಾ ಪುಸ್ತಕ ತಗದು ಮೊದಲನೇ ಲೆಕ್ಕ ಹೇಳಿದೆ.

ನಿನ್ನಿ ನಾ ಬೀಜಗಣಿತದ ಒಂದು ಲೆಕ್ಕ ಹಲಗಿ ಮ್ಯಾಲ ತಪ್ಪು ಬಿಡಿಸಿದೆ. ನನಗ ಗೊತ್ತೇ ಆಗಲಿಲ್ಲ. ಅವ್ರು ಆ ಹೊತ್ತಿಗೆ ಸಾಲಿ ಪಡಸಾಲ್ಯಾಗ ಇದ್ರು, ನೋಡಿ ಮುಂದ ಹೋದ್ರು. ಸಂಜಿಗಿ ಮನ್ಯಾಗ ಚಹಾ ಕುಡಿಯೂಮುಂದ, ಆ ಲೆಕ್ಕ ಇನ್ನೊಮ್ಮೆ ಮಾಡಿ ತೋರಿಸು, ನನಗ ಅದರ ಕನ್ನಡ ಶಬ್ದ ಕಲೀಬೇಕು ಅಂದ್ರು. ಮಾಡ್ತಾ ಮಾಡ್ತಾ ತಪ್ಪು ನನಗೇ ಕಂಡಿತು. ತಲಿ ಎತ್ತಿ ನೋಡಿದ್ರ, ಅವ್ರು ಚಹಾದ ಬಟ್ಟಲದಾಗ ಕಣ್ಣಿಟ್ಟು ಕೂತಿದ್ರು. ಇವತ್ತು ಹುಡುಗ್ರಿಗೆ ನಾನೇ ಹೇಳಿ ತಿದ್ದಿದೆ. ಅದರ ಮ್ಯಾಲ ಹುಡುಗ್ರು ನನ್ನ ಮಾತು ಹೆಚ್ಚು ಕೇಳ್ಲಿಕತ್ತಾರ.

ಎಡಿತ

ಔರಾದ
೩೦ ಸೆಪ್ಟೆಂಬರ್ ೧೯೫೧

ಪ್ರೀತಿಯ ಅಪ್ಪಾಗ,

ನೀವು ಈ ಮನಿತನದ ಬಗ್ಗೆ ಕೇಳಿದ್ರಿ. ಈಗ ಸ್ವಲ್ಪ ತಿಳದದ.

ಈ ತಿಂಗಳು ಮನಿ ಒಳಗ ಮಾತು ಕಡಿಮಿ ಆಗಿತ್ತು. ರಾಬಿಯಾಬಿ ಅಡಗಿ ಮಾಡಿ ಬಡಿಸ್ತಿದ್ರು, ತಾವು ಉಣ್ತಿರಲಿಲ್ಲ. ಒಂದು ದಿನ ನಾ ರಾಬಿಯಾಬಿಗೆ ಕೇಳೇಬಿಟ್ಟೆ. ಶರಫೋದ್ದೀನ ಸಾಹೇಬರ ಅಣ್ಣ ಖಾಜಾ ಮಿಯಾ ಅಂತ ಭಾಲ್ಕಿಯೊಳಗ ಅರಿವಿ ಅಂಗಡಿ ಇಟ್ಟಿದ್ರಂತ. ಮೂರು ವರ್ಷದ ಹಿಂದ ಇದೇ ತಿಂಗಳು, ನಿಜಾಮನ ಮ್ಯಾಲ ಪೊಲೀಸ್ ಆ್ಯಕ್ಷನ್ ಆದ ವಾರ, ಊರೂರಿಗೆ ಗಲಾಟಿ ಎದ್ದಾಗ, ಅಲ್ಲೇ ತೀರಿಹೋದ್ರು. ಹ್ಯಾಂಗ ಅಂತ ಅವ್ರು ಹೇಳಲಿಲ್ಲ, ನಾ ಕೇಳಲಿಲ್ಲ. ದಾರಿ ತೆರದ ಮ್ಯಾಲ ಇವ್ರು ಮಂದೀನ್ನ ಕಳಿಸಿದ್ರೂ, ಯಾರು ಮಣ್ಣು ಮಾಡಿದ್ರು, ಎಲ್ಲಿ ಮಾಡಿದ್ರು ಅನ್ನೂದು ತಿಳೀಲೇ ಇಲ್ಲ. ಆವತ್ತಿನಿಂದ ಇವ್ರು ಭಾಲ್ಕಿಗೆ ಕಾಲಿಟ್ಟಿಲ್ಲ. ರಾಬಿಯಾಬಿ ಈ ಓಣಿ ದಾಟಿಲ್ಲ.

ರಾಬಿಯಾಬಿಯ ತಮ್ಮ ಹೈದರಾಬಾದಿನಿಂದ ಪತ್ರದ ಮ್ಯಾಲ ಪತ್ರ ಹಾಕ್ತಾರ, ಇಲ್ಲಿ ಉರ್ದು ಸಾಲಿ ಅವ, ಲೆಕ್ಕದ ಜಾಗಾ ಖಾಲಿ ಅದ, ಬರ್ರಿ ಅಂತ. ಅಲ್ಲಿಗೆ ಹೋದ್ರ ಇವರಿಗೆ ಅ, ಆ ತಿದ್ದೂ ಗರಜೇ ಇಲ್ಲ. ಯಾಕ ಹೋಗೂದಿಲ್ಲ ಅಂದ್ರ, ಅಲ್ಲಿ ಕಲಿಸೋರು ಭಾಳ ಮಂದಿ ಇದ್ದಾರ ಅಂತಾರ. ನಿಜಾಮನ ಕಡಿಯ ರಜಾಕಾರರು ಮನಿ ಸುಟ್ಟ ಹಳ್ಳಿಗಳ ಹುಡುಗ್ರೂ ಇಲ್ಲಿ ಇವರ ಕಡಿ ಲೆಕ್ಕ ಕೇಳ್ಲಿಕ್ಕಿ ಬರ್ತಾರ ಅಪ್ಪಾ. ಇವ್ರು ಅವರಿಗೆ ಪಡಸಾಲ್ಯಾಗ ಕೂತು ಹೇಳಿಕೊಡ್ತಾರ. ಆ ಹೊತ್ತಿನಾಗ ಇವರ ಮುಖ ನೋಡಬೇಕು.

ಆ ವರ್ಷ ನಾ ಹೈದರಾಬಾದಿನ ಹಾಸ್ಟೇಲಿನಾಗ ಇದ್ದೆ. ನೀವು ಭಾಲ್ಕಿ ಗುಡಿಯ ಉಪದೇಶಿ ಆಗಿ ಅಲ್ಲೇ ಇದ್ರಿ. ಮುಂದಿನ ವರ್ಷ ನೀವೇ ಕೇಳಿ ಮೆಹಕರಕ್ಕ ಹೋದ್ರಿ. ಖಾಜಾ ಮಿಯಾನ ಬಗ್ಗೆ ನಿಮಗೇನಾದ್ರೂ ಗೊತ್ತದ ಏನು? ಗೊತ್ತಿದ್ರ ಬರೀರಿ. ಈ ಮನಿಯವರಿಗೆ ಒಂದು ನೆಲೆ ಸಿಗ್ತದ.

ಎಡಿತ

ಔರಾದ
೨೦ ಜನವರಿ ೧೯೫೨

ಅಪ್ಪಾ,

ಕ್ರಿಸ್ಮಸ್ಸಿಗೂ ನಿಮ್ಮ ಕಾಗದ ಬರಲಿಲ್ಲ. ಸಾಲಿಯಾಗ ಚುನಾವಣಿ ಪೆಟ್ಟಿಗಿ ಬಂದಿದ್ವು, ಹಾಜರಿ ಪುಸ್ತಕ ಬಿಟ್ಟು ಶರಫೋದ್ದೀನ ಸಾಹೇಬರಿಗೂ ಅದೇ ಕೆಲಸ ಹಚ್ಚಿದ್ರು, ಅವರ ಹಾಜರಿ ಕೆಲಸ ನನ್ನ ಮ್ಯಾಲ ಬಿತ್ತು, ಅದಕ್ಕ ಊರಿಗೆ ಬರ್ಲಿಕ್ಕಿ ಆಗಲಿಲ್ಲ. ಅವ್ವ ಆರಾಮ ಇದ್ದಾಳ, ನೀವೂ ಆರಾಮ ಇದ್ದೀರಿ ಅಂತ ದೇಬೋರಾ ಚಿಕ್ಕಮ್ಮ ತಿಳಿಸ್ಯಾಳ.

ನಾ ಕೇಳಬಾರದ್ದು ಕೇಳಿದ್ರ ಹೇಳ್ರಿ. ಒಬ್ಬ ಮುಸಲ್ಮಾನರ ಮನಿಯಾಗ ಇದ್ದೇನಿ ಅಂತ ನಿಮಗ ಬ್ಯಾಸರ ಇದ್ರ ಅದನ್ನೂ ಹೇಳ್ರಿ. ಸುಮ್ಮನಿರಬ್ಯಾಡ್ರಿ.

ಎಡಿತ

ಔರಾದ
೧೯ ಜೂನ್ ೧೯೫೨

ಪ್ರೀತಿಯ ಅಪ್ಪಾಗ,

ನೀವು ಬರೀದಿದ್ರೂ ಇದನ್ನ ನಿಮಗ ಹೇಳದಿದ್ರ ನನಗ ತಡಿಯೂದಿಲ್ಲ. ಶರಫೋದ್ದೀನ ಸಾಹೇಬರು ಈ ಬ್ಯಾಸಗಿಗೆ ಮತ್ತ ಬೀದರಕ್ಕ ಹೋಗಿ ತಮ್ಮ ಮಕ್ಕಳ ವಯಸ್ಸಿನವರ ನಡುವ ಕೂತು ಪಾಸಾಗಿ ಬಂದಾರ. ತರಬೇತಿಯ ಹಣಮಂತಪ್ಪನವರು ನನಗ ಕಾಗದ ಹಾಕಿದ್ರು. ಶರಫೋದ್ದೀನ ಸಾಹೇಬರು ಪಾಠ ಮಾಡಿ ಇಳದ ಮ್ಯಾಲ ಹೈದರಾಬಾದಿನ ಸಾಹೇಬರು ಎದ್ದು ಬಂದು ಕೈ ಹಿಡದ್ರಂತ.

ಹುಕುಂ ಬಂದದ. ಲೆಕ್ಕದ ಮಾಸ್ತರು, ಭಾಲ್ಕಿ ಹೈಸ್ಕೂಲ್.

ಅದನ್ನ ಓದಿ ಮಡಚಿ ಇಟ್ಟು ಉಣ್ಲಿಕ್ಕಿ ಕೂತ್ರು. ಉಣಲಿಲ್ಲ. ನಾ, ನಿಮ್ಮನ್ನ ಇಲ್ಲೇ ಇಡ್ರಿ ಅಂತ ಅರ್ಜಿ ಕೊಡೂಣು, ನಾನೇ ಭಾಲ್ಕಿಗೆ ಹೋಗ್ತೇನಿ ಅಂದೆ. ಅವ್ರು ತಾಟು ಬದಿಗೆ ಸರಿಸಿದ್ರು. ಭಾಲ್ಕಿಯೊಳಗ ಹೋದ ವರ್ಷ ಲೆಕ್ಕಕ್ಕ ಮಾಸ್ತರ್ರೇ ಇರಲಿಲ್ಲಂತ, ಮೆಟ್ರಿಕ್ ಹುಡುಗ್ರು ಸಾಲಿ ಬಿಟ್ಟು ಕೂತಾರಂತ ಅಷ್ಟ ಹೇಳಿದ್ರು. ಮುಂಜಾನಿ ಎದ್ದು ನೋಡಿದ್ರ ರಾಬಿಯಾಬಿ ಭಾಂಡಿ ಗಂಟು ಕಟ್ಲಿಕತ್ತಿದ್ರು. ಈ ಓಣಿ ದಾಟದಿದ್ದಾಕಿ. ‘ಮಣ್ಣೆಲ್ಲಿ ಅದ ಅಂತ ಗೊತ್ತಿಲ್ಲಂದ್ರೂ ಊರು ಅದೇ ಅಲ್ಲ? ನಡೀರಿ’ ಅಂದ್ರು ಗಂಡಗ.

ಮುಂದಿನ ವಾರ ಶುಕ್ರವಾರ ಬಸ್ಸಿನಿಂದ ಬೀದರಕ್ಕ ಹೋಗಿ, ಅಲ್ಲಿಂದ ಮಧ್ಯಾಹ್ನದ ರೈಲಿಗೆ ಭಾಲ್ಕಿಗೆ ಬರ್ತಾರ. ನನ್ನನ್ನ ಇಲ್ಲೇ ಖಾಯಂ ಮಾಡ್ಯಾರ, ಸಾಲಿ ಸುರು ಆಗ್ಯಾದ, ಬಿಟ್ಟು ಬರ್ಲಿಕ್ಕಿ ಆಗೂದಿಲ್ಲ. ಆ ಊರಾಗ ಅವರಿಗೆ ಈಗ ಗುರ್ತಿನವರು ಯಾರೂ ಇಲ್ಲ. ನಿಮ್ಮನ್ನ ಏನೂ ಮಾಡ್ರಿ ಅಂತ ಕೇಳ್ಲಿಕತ್ತಿಲ್ಲ. ತಿಳಸ್ಲಿಕತ್ತೀನಿ.

ನಿಮ್ಮ ಮಗಳು,
ಎಡಿತ

ಭಾಲ್ಕಿ
೨ ಜುಲೈ ೧೯೫೨

ಪ್ರಿಯ ಬೇಟಿ ಎಡಿತಬಾಯಿಗೆ,

ಶರಫೋದ್ದೀನನ ಆಶೀರ್ವಾದಗಳು. ನಾನು ಕನ್ನಡದಲ್ಲಿ ಬರೆಯುವ ಮೊದಲನೇ ಪತ್ರ ಇದು. ಉರ್ದುವಿನಲ್ಲಿ ಬರೆದಿದ್ದರೆ ಬೇಗ ಮುಗಿಯುತ್ತಿತ್ತು. ಆದರೆ ಇದನ್ನು ನಿಧಾನವಾಗಿ ಬರೆಯಬೇಕು ಅನಿಸಿತು.

ರೈಲು ನಿಂತ ಮೇಲೆ ರಾಬಿಯಾ ಕೆಳಗೆ ಇಳಿಯಲಿಲ್ಲ. ಕೈಯಿಂದ ಬಾಗಿಲು ಹಿಡಿದು ನಿಂತಳು. ಆಗ ಧೋತರ, ಕರಿ ಕೋಟು ಹಾಕಿದ ಒಬ್ಬ ಹಿರಿಯರು ಹತ್ತಿರ ಬಂದು, ಔರಾದಿನ ಲೆಕ್ಕದ ಮಾಸ್ತರು ನೀವೇ ಏನ್ರಿ ಅಂತ ಕೇಳಿದರು. ತಾವು ಪ್ರಭುದಾಸ, ಎಡಿತನ ತಂದೆ ಅಂದರು. ಹಿಂದಿನ ದಿನವೇ ಮೆಹಕರದಿಂದ ಬಂದಿದ್ದರು. ನಮ್ಮ ಟ್ರಂಕು ಎತ್ತಿ ತಲೆ ಮೇಲೆ ಇಟ್ಟುಕೊಂಡರು. ಹಮಾಲರು ಇದ್ದಾರೆ, ಇಳಿಸ್ರಿ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಹಿಂದಿನ ಓಣಿಯಿಂದ ಹೋಗಬಹುದಿತ್ತು. ಅವರು ಬಜಾರದ ನಡುವಿನಿಂದಲೇ ನಡೆದರು. ನಮ್ಮ ಅಣ್ಣ, ಭಾಯಿಜಾನರ ಅಂಗಡಿ ಮುಂದಿನಿಂದ. ಅಲ್ಲಿ ಈಗ ಬೇರೆಯವರು ಇದ್ದಾರೆ. ಜನರು ಎದ್ದು ನಿಂತು ನೋಡಿದರು. ನಿಮ್ಮ ತಂದೆಯವರು ಒಬ್ಬೊಬ್ಬರ ಹತ್ತಿರವೂ ನಿಂತು, ಟ್ರಂಕು ಹೊತ್ತುಕೊಂಡೇ, ‘ಇವ್ರು ನಮ್ಮ ಹೈಸ್ಕೂಲಿಗೆ ಬಂದ ಲೆಕ್ಕದ ಮಾಸ್ತರು. ನನ್ನ ಮಗಳ ಗುರುಗಳು’ ಅಂತ ಹೇಳಿದರು. ಒಬ್ಬರು ನಮಸ್ಕಾರ ಮಾಡಿದರು. ಆಮೇಲೆ ಇನ್ನೊಬ್ಬರು. ಗುಡಿ ಹತ್ತಿರದ ಓಣಿಯಲ್ಲಿ ನಮಗೆ ಮನೆ ನೋಡಿ, ನೀರು ತುಂಬಿಸಿ ಇಟ್ಟಿದ್ದರು.

ಮರುದಿನ ಮುಂಜಾನೆ ನಮ್ಮಿಬ್ಬರನ್ನೂ ಊರ ಹೊರಗೆ ಕರೆದುಕೊಂಡು ಹೋದರು. ಹಳ್ಳ ದಾಟಿ ಒಂದು ಹುಣಸೆ ಗಿಡದ ಕೆಳಗೆ ನಿಂತರು. ಆ ವಾರ ಮಣ್ಣು ಮಾಡುವವರು ಯಾರೂ ಉಳಿದಿರಲಿಲ್ಲ. ಅವರು ಮತ್ತು ಅವರ ಗುಡಿಯ ಇಬ್ಬರು ಹಿರಿಯರು ಸಲಿಕೆ ತಂದು ಅಗೆದರಂತೆ. ಬಹಳ ಜನರ ಹೆಸರು ಅವರಿಗೆ ಗೊತ್ತಿರಲಿಲ್ಲ. ಖಾಜಾ ಮಿಯಾ ಗೊತ್ತಿದ್ದರು, ಯಾಕಂದರೆ ಗುಡಿಯ ಪರದೆಗೆ ಅರಿವೆ ಅಲ್ಲಿಂದಲೇ ತರುತ್ತಿದ್ದರು. ಅದಕ್ಕೆ ಅಲ್ಲಿ ಒಂದು ಕಲ್ಲು ನಿಲ್ಲಿಸಿದ್ದರು. ‘ನಿಮ್ಮ ಪ್ರಾರ್ಥನಾ ನನಗ ಬರ್ತಿರಲಿಲ್ಲ. ನನಗ ಬಂದದ್ದು ಹೇಳಿದೆ. ತಪ್ಪಾಗಿದ್ರ ಕ್ಷಮಿಸ್ರಿ’ ಅಂದರು. ನಾನು ಆ ಕಲ್ಲಿನ ಹತ್ತಿರ ಹೋಗಿ ನಿಂತೆ. ಅಣ್ಣನಿಗಾಗಿ ಫಾತಿಹಾ ಓದಿದೆ. ಅವರು ತಲೆ ಬಾಗಿಸಿ ದೂರ ನಿಂತರು. ಪರಪುರುಷರ ಹತ್ತಿರ ಮಾತಾಡುವುದೇ ಬಿಟ್ಟಿದ್ದ ರಾಬಿಯಾ, ಭಾಯಿಸಾಬ, ಮನೆಗೆ ಬಂದು ಚಹಾ ಕುಡಿದೇ ಹೋಗಬೇಕು ಅಂದಳು.

ನಿಮ್ಮ ಪತ್ರಕ್ಕೆ ಜವಾಬು ಬರೆಯಲು ಅವರು ಅನೇಕ ಸಲ ಕೂತರಂತೆ. ಇದನ್ನು ಮಗಳಿಗೆ ಕಾಗದದ ಮೇಲೆ ಹೇಳುವುದು ಆಗಲಿಲ್ಲ ಅಂದರು. ಇಂಥ ಸುದ್ದಿ ಆ ನೆಲದ ಮೇಲೆ ನಿಂತೇ ಹೇಳಬೇಕು ಅಂತ ಅವರ ಮನಸ್ಸಿನಲ್ಲಿ ಇತ್ತು. ಆ ವಾರ ಗಾಯವಾದವರೂ ಇದ್ದರು, ಕಟ್ಟುವವರು ಇರಲಿಲ್ಲ, ಅದಕ್ಕೇ ನೀವು ನರ್ಸ್ ಆಗಬೇಕೆಂದು ಹಠ ಮಾಡಿದರಂತೆ. ಈಗ ಆ ಹಠ ಇಲ್ಲ. ಚಹಾ ಕುಡಿಯುತ್ತ, ನನ್ನ ಮಗಳು ಹ್ಯಾಂಗ ಕಲಿಸ್ತಾಳ ಅಂತ ಕೇಳಿದರು. ನಾನು ಶಾಲೆಯ ಪಡಸಾಲೆಯಲ್ಲಿ ಕೂತು ವರ್ಷವೆಲ್ಲ ಕೇಳಿದ ನಿಮ್ಮ ಪಾಠದ ಬಗ್ಗೆ ಹೇಳಿದೆ. ಸಣ್ಣದೂ ಬಿಡದೆ ಹೇಳಿದೆ. ಬಟ್ಟಲದ ಚಹಾ ಆರಿಹೋಯಿತು, ಅವರು ಕುಡಿಯುವುದನ್ನು ಮರೆತು ಕೇಳಿದರು.

ಸೋಮವಾರದಿಂದ ಪಾಠ ಸುರು ಮಾಡಿದ್ದೇನೆ. ಮೆಟ್ರಿಕ್ ಹುಡುಗರು ವಾಪಸ್ಸು ಬರುತ್ತಿದ್ದಾರೆ.

ಈ ಪತ್ರದಲ್ಲಿ ತಪ್ಪುಗಳು ಬಹಳ ಇರಬಹುದು. ಕೆಂಪು ಶಾಯಿಯಿಂದ ತಿದ್ದಿ ನನಗೆ ವಾಪಸ್ಸು ಕಳಿಸಿರಿ, ನಾನು ಮತ್ತೆ ಬರೆದು ಕಲಿಯುತ್ತೇನೆ. ನಿಮ್ಮ ತಂದೆಯವರ ಬಗ್ಗೆ ಬರೆದಲ್ಲಿ ಮಾತ್ರ, ತಪ್ಪು ಕಂಡರೂ ಹಾಗೇ ಬಿಡಿರಿ.

ನಿಮ್ಮ,
ಶರಫೋದ್ದೀನ